ಹಚ್ಚಿದ್ದು, ತೊಳೆದದ್ದು

ಸೀಗೆಪುಡಿ ಕಣ್ಣಿಗೆ ಬಿದ್ದ ಉರಿಯನ್ನು ಮರೆತವರು ನಮ್ಮ ಕಡೆ ಸಿಗುವುದು ಕಷ್ಟ. ನಾನು ಹುಟ್ಟಿ ಬೆಳೆದದ್ದು ತಿಪಟೂರಿನ ಸುತ್ತಲಿನ ತೆಂಗಿನ ಸೀಮೆಯಲ್ಲಿ. ದೀಪಾವಳಿಗೆ ನೀರು ತುಂಬಿದ ಮಾರನೆಯ ದಿನ, ಇನ್ನೂ ಬೆಳಕು ಹರಿಯುವ ಮೊದಲೇ ಅಜ್ಜಿ ನಮ್ಮನ್ನೆಲ್ಲ ಎಬ್ಬಿಸಿ, ಮಣೆ ಹಾಕಿ ಕೂರಿಸಿ, ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದರು. ಬಚ್ಚಲ ಹಂಡೆಯಲ್ಲಿ ನೀರು ಮರಳುತ್ತಿರುತ್ತಿತ್ತು. ಸೀಗೆಪುಡಿಗೆ ಒಂದಿಷ್ಟು ಚಿಗರೆಪುಡಿ, ಒಂದಿಷ್ಟು ಮೆಂತ್ಯದ ಹಿಟ್ಟು, ಕಲಸಲು ಅನ್ನ ಬಸಿದ ಗಂಜಿ. ಮೈಗೆ ಕಡಲೆಹಿಟ್ಟು, ಹೆಣ್ಣುಮಕ್ಕಳಿಗಾದರೆ ಅದರಲ್ಲೊಂದು ಚಿಟಿಕೆ ಅರಿಶಿನ. "ಕಣ್ಣು ಬಿಟ್ಟೀಯೆ, ಮುಚ್ಕೊಂಡಿರು" ಎಂದು ಅಜ್ಜಿ ಹೇಳುತ್ತಲೇ ಇರುತ್ತಿದ್ದರು, ನಾವು ಬಿಡುತ್ತಲೇ ಇರುತ್ತಿದ್ದೆವು.

ಈಗ ಬೆಂಗಳೂರಿನಲ್ಲಿ ಯಾವ ಅಂಗಡಿಗೆ ಹೋದರೂ ಆ ಬಚ್ಚಲಮನೆಯ ಸಾಮಾನೆಲ್ಲ ಗಾಜಿನ ಶೀಶೆಗಳಲ್ಲಿ ಕಾಣುತ್ತದೆ. ಸೀಗೆ, ದಾಸವಾಳ, ಅರಿಶಿನ, ಲೋಳೆಸರ, ಜೊತೆಗೆ ಅಜ್ಜಿ ಎಂದೂ ಕಾಣದ ಕೇಸರಿ. ಮೇಲೆ "ಕ್ಲೀನ್", "ನ್ಯಾಚುರಲ್", "ಕೆಮಿಕಲ್ ಫ್ರೀ" ಎಂಬ ಬರಹ. ಕೆಲವು ವರ್ಷಗಳ ಹಿಂದೆ ನಾನೂ ಮೈಗೆ ಮುಖಕ್ಕೆ ಬಳಸುವ ಸಾಮಾನನ್ನೆಲ್ಲ ಬದಲಿಸಿದೆ. ಆಮೇಲೆ ಓದಿದ್ದು, ಡಾಕ್ಟರಿಂದ ಕೇಳಿದ್ದು, ಮನೆಯಲ್ಲಿ ಮಾಡಿ ನೋಡಿದ್ದು ಎಲ್ಲ ಸೇರಿ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಅಜ್ಜಿಯ ಕಾಲದಿಂದ ನಾವು ಗಿಡಗಳ ಹೆಸರನ್ನಷ್ಟೇ ಎತ್ತಿಕೊಂಡೆವು, ಅವರ ಕ್ರಮವನ್ನು ಬಿಟ್ಟುಬಿಟ್ಟೆವು. ಅಜ್ಜಿ ಹಚ್ಚಿದ ಪುಡಿಯೆಲ್ಲ ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ತೊಳೆದು ಹೋಗುತ್ತಿತ್ತು. ಆ ಹೊತ್ತಿಗೆ ಬೇಕಾದಷ್ಟನ್ನೇ ಕಲಸುತ್ತಿದ್ದರು, ಮಿಕ್ಕಿದ್ದು ಬಚ್ಚಲ ಪಾಲು. ಅದೂ ವಾರಕ್ಕೊಮ್ಮೆ. ಅದೇ ಗಿಡಗಳ ಸತ್ವ ಇಳಿಸಿ, ತೈಲ ತೆಗೆದು, ಎರಡು ವರ್ಷ ಕೆಡದ ಹಾಗೆ ಡಬ್ಬಿಗೆ ತುಂಬಿ, ಬೆಳಗ್ಗೆ ರಾತ್ರಿ ಮುಖಕ್ಕೆ ಸವರಿ ಹಾಗೆಯೇ ಬಿಡುವುದು ಬೇರೆಯದೇ ಕೆಲಸ. ಅದರ ಒಳಿತು ಕೆಡುಕನ್ನು ಅಜ್ಜಿಯ ಹೆಸರಿನಲ್ಲಿ ತೂಗಲು ಬರುವುದಿಲ್ಲ.

ಸೀಗೆಯ ಉರಿಯನ್ನೇ ನೋಡಿ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ನೊರೆ ಬರಿಸುವುದು ಸಪೋನಿನ್ ಎಂಬ ವಸ್ತು. ಅದರ ಅಣುವಿನ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಕೊಳೆ ಕಳಚಿ ನೀರಿನ ಜೊತೆ ಹೋಗುತ್ತದೆ. ಅಂಗಡಿಯ ಶಾಂಪೂ ಕೆಲಸ ಮಾಡುವುದೂ ಹೀಗೆಯೇ. ಗಿಡಕ್ಕೆ ಸಪೋನಿನ್ ಇರುವುದು ತನ್ನನ್ನು ತಿನ್ನಲು ಬರುವ ಹುಳ, ಬೂಷ್ಟುಗಳನ್ನು ದೂರವಿಡಲು. ಮೀನಿಗಂತೂ ಅದು ವಿಷ. ಅಂಥದ್ದು ಕಣ್ಣಿಗೆ ಬಿದ್ದರೆ ಉರಿಯದೆ ಇರುತ್ತದೆಯೇ? ಆದರೂ ಸೀಗೆ ಕೂದಲಿಗೆ ಒಗ್ಗುತ್ತದೆ, ಏಕೆಂದರೆ ಅದರ ನೀರು ತುಸು ಹುಳಿ. ಹುಳಿಯನ್ನು ಅಳೆಯುವ ಅಂಕಿ ಪಿಎಚ್; ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ಸಾಬೂನಿನ ಪಿಎಚ್ 9, 10ರ ಹತ್ತಿರ ಇರುತ್ತದೆ. ನಮ್ಮ ಚರ್ಮದ್ದು 5ರ ಆಸುಪಾಸು. ಮೈಸಾಬೂನಿನಲ್ಲಿ ತಲೆ ತೊಳೆದಾಗ ಕೂದಲು ಒರಟಾಗಿ ನಿಲ್ಲುವುದೂ, ಸೀಗೆಯಲ್ಲಿ ತೊಳೆದಾಗ ಮಣಿಯುವುದೂ ಇದರಿಂದ.

ಸೀಗೆಪುಡಿಯನ್ನು ಈಗಲೂ ನಾನು ಮನೆಯಲ್ಲೇ ಮಾಡಿಸಿಕೊಳ್ಳುತ್ತೇನೆ. ಗ್ರಂಧಿಗೆ ಅಂಗಡಿಯಿಂದ ಕಾಯಿ ತಂದು, ಬೀಜ ತೆಗೆದು, ತಾರಸಿಯ ಮೇಲೆ ಗರಿಗರಿಯಾಗುವ ತನಕ ಒಣಗಿಸುವುದು. ಹಿಟ್ಟಿನ ಗಿರಣಿಯವರು ಅದನ್ನು ಮುಟ್ಟುವುದಿಲ್ಲ; ಘಾಟು ರಾಗಿಹಿಟ್ಟಿಗೆ ಹತ್ತುತ್ತದೆ, ಬೀಸುವವರಿಗೆ ಸೀನು ಕೆಮ್ಮು ಹಿಡಿಯುತ್ತದೆ. ಸೀಗೆಕಾಯಿಗೆಂದೇ ಬೇರೆ ಯಂತ್ರ ಇಟ್ಟವರನ್ನು ಹುಡುಕಿಕೊಂಡು ಹೋಗಬೇಕು. ಈ ಕಾಯಿ ಬರುವ ದಾರಿಯೂ ನನಗೆ ಮುಖ್ಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸೀಗೆ, ಅಂಟುವಾಳ, ನೆಲ್ಲಿ, ಜೇನು ತಂದು ಲ್ಯಾಂಪ್ಸ್ ಎಂಬ ಬುಡಕಟ್ಟು ಜನರ ಸಹಕಾರ ಸಂಘಗಳಿಗೆ ಕೊಟ್ಟು ಬದುಕುತ್ತಾ ಬಂದವರು. 2006ರ ಹೊತ್ತಿಗೆ ವನ್ಯಜೀವಿ ಕಾನೂನಿನ ಹೆಸರಿನಲ್ಲಿ ಆ ಸಂಗ್ರಹಕ್ಕೆ ತಡೆ ಬಿತ್ತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯ ಹಕ್ಕಿಗೆ ಮನ್ನಣೆ ಸಿಕ್ಕಿತು. ಕಾಡಿನ ಕಾಯಿಯನ್ನು ಶೀಶೆಯ ಮೇಲೆ ಚಿತ್ರ ಬರೆದು ನೂರಾರು ರೂಪಾಯಿಗೆ ಮಾರುವವರು ಅದನ್ನು ಆರಿಸಿದ ಕೈಗೆ ಎಷ್ಟು ಕೊಟ್ಟರು ಎಂಬುದನ್ನೂ ಅದೇ ಶೀಶೆಯ ಮೇಲೆ ಬರೆಯಬೇಕು ಎಂದು ನನ್ನ ಆಸೆ.

ನನ್ನ ಚರ್ಮದ ವಿಷಯಕ್ಕೆ ಬರುತ್ತೇನೆ. ಕಣ್ಣಿನ ರೆಪ್ಪೆ, ಕತ್ತಿನ ಎರಡು ಪಕ್ಕ, ಕಿವಿಯ ಹಿಂದೆ ತುರಿಕೆ ಶುರುವಾಗಿ, ತುರಿಸಿದಲ್ಲೆಲ್ಲ ಕಪ್ಪಾಗತೊಡಗಿತು. ಆಗ ನಾನು ಹಚ್ಚುತ್ತಿದ್ದದ್ದು ಗುಲಾಬಿ ಮತ್ತು ಲಿಂಬೆಯ ತೈಲ ಹಾಕಿದ, ರಾಸಾಯನಿಕವೇ ಇಲ್ಲವೆಂದು ಬರೆದುಕೊಂಡಿದ್ದ ಒಂದು ಕ್ರೀಮು. ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿಸಿದರು. ಬೆನ್ನಿನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಪಟ್ಟಿ ಅಂಟಿಸುತ್ತಾರೆ, ಪ್ರತಿಯೊಂದರಲ್ಲೂ ಒಂದೊಂದು ವಸ್ತು. 48 ಗಂಟೆ ಬೆನ್ನಿಗೆ ನೀರು ಸೋಕಿಸುವಂತಿಲ್ಲ. ಪಟ್ಟಿ ತೆಗೆದು ಒಮ್ಮೆ ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ನನಗೆ ಕೆಂಪಗೆ ಎದ್ದು ನಿಂತದ್ದು ಪರಿಮಳಗಳ ಮಿಶ್ರಣ ಇದ್ದ ಜಾಗ. ಅದರಲ್ಲಿ ಇರುವುದೇನೆಂದು ಕೇಳಿದೆ. ಗುಲಾಬಿಯಲ್ಲಿರುವ ಜೆರಾನಿಯಾಲ್, ಲವಂಗದಲ್ಲಿರುವ ಯೂಜೆನಾಲ್, ಚಕ್ಕೆಯಲ್ಲಿರುವ ಸಿನ್ನಮಾಲ್, ಮರದ ಮೇಲೆ ಬೆಳೆಯುವ ಒಂದು ಕಲ್ಲುಹೂವಿನ ಸಾರ, ಇನ್ನೂ ಕೆಲವು. "ಇದು ಹೂವಿಂದ ಬಂತೋ ಫ್ಯಾಕ್ಟರಿಯಿಂದ ಬಂತೋ ನಿಮ್ಮ ಚರ್ಮಕ್ಕೆ ಗೊತ್ತಾಗಲ್ಲಮ್ಮ" ಎಂದರು ಡಾಕ್ಟರು. "ಜೆರಾನಿಯಾಲ್ ಅಂದ್ರೆ ಅದಕ್ಕೆ ಜೆರಾನಿಯಾಲೇ."

ಇನ್ನೊಂದು ಪಟ್ಟಿಯ ಕೆಳಗೂ ತುಸು ಕೆಂಪಾಗಿತ್ತು. ಅದು ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ, ನಮ್ಮೂರಿನ ಹೊಲದ ಬದುಗಳಲ್ಲಿ ಬಿಳಿ ಹೂ ಬಿಟ್ಟು ನಿಂತಿರುವ ಇದನ್ನು ಯಾರೂ ಬಿತ್ತಿದ್ದಲ್ಲ, ಯಾರೂ ಗೊಬ್ಬರ ಹಾಕಿದ್ದಲ್ಲ. ಹೊಲಗೆಲಸದವರ ಮುಖ, ಕತ್ತು, ಮೊಣಕೈಗಳ ಚರ್ಮ ದಪ್ಪಗಟ್ಟಿ ಕಪ್ಪಾಗುವಂತೆ ಮಾಡುವ ಗಿಡ ಇದು. ಗಾಳಿಯಲ್ಲಿ ಹಾರುವ ಅದರ ಪುಡಿಯೇ ಸಾಕು. ಇದು ಸೇವಂತಿಗೆ, ಚೆಂಡುಹೂವಿನ ಕುಟುಂಬದ್ದು. ಕ್ರೀಮುಗಳಿಗೆ ಹಾಕುವ ಕ್ಯಾಮೊಮೈಲ್ ಎಂಬ ಹೂವು ಕೂಡ ಅದೇ ಕುಟುಂಬ. ಪಾರ್ಥೇನಿಯಂ ಒಗ್ಗದವರಿಗೆ ಈ ನಂಟರ ಪೈಕಿ ಯಾವುದಾದರೂ ಒಗ್ಗದೆ ಹೋಗಬಹುದು. "ಸೂಕ್ಷ್ಮ ಚರ್ಮಕ್ಕೆ ಹಿತ" ಎಂದು ಕ್ಯಾಮೊಮೈಲ್ ಹಾಕಿ ಮಾರುವ ಕ್ರೀಮು ನಮ್ಮ ಕರ್ನಾಟಕದ ಬಯಲುಸೀಮೆಯ ಒಬ್ಬ ಹೆಣ್ಣುಮಗಳಿಗೆ ಹಿತವಾಗದೇ ಹೋಗಲು ಈ ಕಳೆಯೇ ಕಾರಣವಾಗಿರಬಹುದು. ಅದನ್ನು ಯಾವ ಡಬ್ಬಿಯೂ ಹೇಳುವುದಿಲ್ಲ, ಬೆನ್ನಿನ ಮೇಲಿನ ಪಟ್ಟಿ ಹೇಳುತ್ತದೆ.

ಆ ಪರೀಕ್ಷೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು. ಪಟ್ಟಿಗಳಲ್ಲಿನ ವಸ್ತುಗಳಲ್ಲಿ ಹೆಚ್ಚಿನವನ್ನು ಕಲಸಿರುವುದು ಪೆಟ್ರೋಲಿಯಂ ಜೆಲ್ಲಿಯಲ್ಲಿ. ಚೆನ್ನಾಗಿ ಶುದ್ಧಿ ಮಾಡಿದ ಆ ಜೆಲ್ಲಿಗೆ ಚರ್ಮ ಕೆರಳುವುದು ಬಹಳ ಅಪರೂಪ, ಅದಕ್ಕೇ ಅದನ್ನು ಆರಿಸಿದ್ದಾರೆ. "ಕ್ಲೀನ್" ಎಂದು ಮಾರುವವರು ಮೊದಲು ದೂರ ತಳ್ಳುವ ವಸ್ತುಗಳಲ್ಲಿ ಅದೂ ಒಂದು. ಈಗ ನನ್ನ ಕಪಾಟಿನಲ್ಲಿ ಗಾಣದ ಕೊಬ್ಬರಿ ಎಣ್ಣೆಯ ಪಕ್ಕದಲ್ಲೇ ಅದರ ಡಬ್ಬಿಯೂ ಇದೆ. ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ, ರೆಪ್ಪೆ ಒಣಗಿದರೆ ಅದೇ.

ಪ್ಯಾರಾಬೆನ್ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ "ಪ್ಯಾರಾಬೆನ್ ಫ್ರೀ" ಎಂದು ಓದಿ ನೆಮ್ಮದಿಯಾಗುವವರು ನಮ್ಮಲ್ಲಿ ತುಂಬ ಜನ. ಕ್ರೀಮು, ಲೋಷನ್ ಕೆಡದಂತೆ ಹಾಕುವ ವಸ್ತು, ಅಂದರೆ ಸಂರಕ್ಷಕ, ಅದು. 2004ರಲ್ಲಿ ಇಂಗ್ಲೆಂಡಿನ ಸಂಶೋಧಕರು ಸ್ತನದ ಗೆಡ್ಡೆಯ 20 ಮಾದರಿಗಳನ್ನು ಪರೀಕ್ಷಿಸಿ ಅವುಗಳಲ್ಲಿ ಪ್ಯಾರಾಬೆನ್ ಕಂಡಿತೆಂದು ವರದಿ ಮಾಡಿದರು. ಗೆಡ್ಡೆ ಇಲ್ಲದ ಅಂಗಾಂಶದ ಜೊತೆ ಹೋಲಿಸಿರಲಿಲ್ಲ. ಕ್ಯಾನ್ಸರಿಗೆ ಇದೇ ಕಾರಣ ಎಂದೂ ಆ ವರದಿ ಹೇಳಿರಲಿಲ್ಲ. ಭಯ ಮಾತ್ರ ಲೋಕವೆಲ್ಲ ಹರಡಿತು. ಕಂಪನಿಗಳು ಪ್ಯಾರಾಬೆನ್ ತೆಗೆದವು. ಆದರೆ ನೀರಿರುವ ಕ್ರೀಮನ್ನು ಏನೂ ಹಾಕದೆ ಇಡಲಾಗುವುದಿಲ್ಲವಲ್ಲ. ಹಾಗಾಗಿ ಕೆಲವರು ಮೀಥೈಲ್ ಐಸೊಥಯಾಜೊಲಿನೋನ್ ಎಂಬುದನ್ನು ಬಳಸಿದರು. ಯೂರೋಪು, ಅಮೆರಿಕಗಳ ಚರ್ಮದ ಆಸ್ಪತ್ರೆಗಳಲ್ಲಿ ಅದರ ಅಲರ್ಜಿ ಹೊತ್ತು ಬರುವವರ ಸಾಲು ಬೆಳೆಯಿತು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಸಾರಿತು. 2017ರಿಂದ ಯೂರೋಪಿನಲ್ಲಿ ಹಚ್ಚಿ ಹಾಗೆಯೇ ಬಿಡುವ ಸಾಮಗ್ರಿಗಳಲ್ಲಿ ಅದನ್ನು ಬಳಸುವಂತಿಲ್ಲ. ಅದೇ ಸೊಸೈಟಿ 2019ರಲ್ಲಿ, ಅಲರ್ಜಿ ತರುವುದು ತೀರ ಕಡಿಮೆ ಎಂಬ ಕಾರಣಕ್ಕೆ, ಪ್ಯಾರಾಬೆನ್ನನ್ನು ವರ್ಷದ "ಅಲರ್ಜಿಕಾರಕವಲ್ಲದ" ವಸ್ತು ಎಂದು ಹೆಸರಿಸಿತು. ಪ್ಯಾರಾಬೆನ್ನುಗಳೆಲ್ಲ ಒಂದೇ ಅಲ್ಲ ಎಂಬುದೂ ನಿಜ. ಯೂರೋಪು 2014ರಲ್ಲಿ ಅವುಗಳಲ್ಲಿ ಐದನ್ನು ನಿಷೇಧಿಸಿತು, ಇನ್ನು ಕೆಲವಕ್ಕೆ ಮಿತಿ ಹಾಕಿತು. ಇಷ್ಟು ವಿವರ "ಫ್ರೀ" ಎಂಬ ಒಂದು ಮಾತಿನಲ್ಲಿ ಹಿಡಿಸುವುದಿಲ್ಲ.

ಅಜ್ಜಿಗೆ ಸಂರಕ್ಷಕ ಬೇಕಾಗಿರಲಿಲ್ಲ. ಅವರ ಪುಡಿಗಳು ಒಣಗಿದ್ದವು. ನೀರು ಬೀಳುತ್ತಿದ್ದದ್ದು ಸ್ನಾನದ ಹೊತ್ತಿಗೆ. ನೀರಿಲ್ಲದ ಕಡೆ ಬ್ಯಾಕ್ಟೀರಿಯ, ಬೂಷ್ಟು ಬೆಳೆಯುವುದು ಕಷ್ಟ. ಎಣ್ಣೆಗೂ ಇದೇ ಮಾತು. ಮನೆಯಲ್ಲಿ ಲೋಳೆಸರದ ಗಂಜಿ ತೆಗೆದು, ಗುಲಾಬಿನೀರು ಬೆರೆಸಿ, ಶೀಶೆಯಲ್ಲಿ ತುಂಬಿಟ್ಟು ತಿಂಗಳುಗಟ್ಟಲೆ ಹಚ್ಚುವ ಗೆಳತಿಯರಿಗೆ ನಾನು ಹೇಳುವುದು ಇದನ್ನೇ. ಅದು ಹಿಂದಿನ ದಿನ ರುಬ್ಬಿಟ್ಟ ಚಟ್ನಿಯ ಹಾಗೆ, ನೋಡಲು ಚೆನ್ನಾಗಿದ್ದರೂ ಒಳಗೆ ಕೆಡುತ್ತಿರುತ್ತದೆ. ಲೋಳೆಸರ ಬಳಸುವುದಾದರೆ ಎಲೆ ಕೊಯ್ದು, ಕೊಯ್ದ ಬದಿಯನ್ನು ಕೆಳಗೆ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿ. ಹಳದಿ ಹಾಲು ಇಳಿಯುತ್ತದೆ. ಚರ್ಮವನ್ನು ಕೆರಳಿಸುವುದು ಅದು. ಚೆನ್ನಾಗಿ ತೊಳೆದು ಒಳಗಿನ ತಿಳಿ ಗಂಜಿಯನ್ನು ಮಾತ್ರ ತೆಗೆದು ಆ ಹೊತ್ತಿಗೆ ಹಚ್ಚಿ ಮುಗಿಸಬೇಕು. ಅಂಗಡಿಯ ಲೋಳೆಸರದ ಜೆಲ್ಲಿನಲ್ಲಿ ಸಂರಕ್ಷಕ ಇದೆ ಎಂದು ಬೇಸರ ಪಡಬೇಡಿ, ಇಲ್ಲದಿದ್ದರೆ ಭಯ ಪಡಬೇಕು.

ಲಿಂಬೆಹಣ್ಣಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ: ಮುಖಕ್ಕೆ ಉಜ್ಜಬೇಡಿ. ಅದರ ಪಿಎಚ್ ಎರಡು ಎರಡೂವರೆ. ಅದರ ಸಿಪ್ಪೆಯಲ್ಲೂ ರಸದಲ್ಲೂ ಇರುವ ಕೆಲವು ವಸ್ತುಗಳು ಬಿಸಿಲು ತಾಗಿದರೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸಬಲ್ಲವು; ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಲೆ ತೆಗೆಯಲೆಂದು ಹಚ್ಚಿ ಕಲೆ ಮಾಡಿಕೊಂಡವರನ್ನು ನೋಡಿದ್ದೇನೆ.

ಅಜ್ಜಿಯ ಕಾಲದ ಸಾಮಾನಿನಲ್ಲಿ ತೊಳೆಯದೆ ಬಿಡುತ್ತಿದ್ದವೂ ಇದ್ದವು. ಎಣ್ಣೆ, ಕುಂಕುಮ, ಕಾಡಿಗೆ, ಕೆನ್ನೆಯ ಅರಿಶಿನ. ಇವುಗಳಲ್ಲಿ ಜಾಗ್ರತೆ ಇನ್ನೂ ಹೆಚ್ಚು ಬೇಕು. ಹಿಂದೆ ಕುಂಕುಮವೆಂದರೆ ಅರಿಶಿನಕ್ಕೆ ಸುಣ್ಣ ಅಥವಾ ಟಂಕಣ ಬಿದ್ದು ಕೆಂಪಾದದ್ದು. ಈಗ ಸಂತೆಯಲ್ಲಿ ರಾಶಿ ಹಾಕಿರುವ ಕಡುಗೆಂಪು ಪುಡಿಯಲ್ಲಿ ಬಹುಪಾಲು ಬಣ್ಣ ಹಾಕಿದ್ದು. ಹಣೆಯ ಮೇಲೆ ಕುಂಕುಮದ ಜಾಗದಲ್ಲೇ ತುರಿಕೆ, ಕಪ್ಪು ಕಲೆ ಆಗುವುದು ಇದರಿಂದ. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿ ಬಳಸುವ ಒಂದು ಫೀನಾಲ್ ವಸ್ತುವಿನಿಂದ ಆ ಜಾಗ ಬೆಳ್ಳಗಾದ ಹೆಂಗಸರನ್ನು ನಮ್ಮ ದೇಶದ ಚರ್ಮವೈದ್ಯರು ದಶಕಗಳಿಂದ ಕಾಣುತ್ತಿದ್ದಾರೆ. ಅರಿಶಿನದ ಹಳದಿ ಹೆಚ್ಚಿಸಲು ಸೀಸದ ಕ್ರೋಮೇಟ್ ಬೆರೆಸುವ ದಂಧೆ ದಕ್ಷಿಣ ಏಷ್ಯಾದ ಹಲವು ಕಡೆ ಪತ್ತೆಯಾಗಿದೆ. ಕಸ್ತೂರಿ ಅರಿಶಿನವೆಂದು ಮಾರುವುದರಲ್ಲಿ ಎಷ್ಟೋ ಬೇರೆ ಜಾತಿಯ ಅರಿಶಿನದ ಗೆಡ್ಡೆಯ ಪುಡಿ. ಅದಕ್ಕೇ ನಾನು ಪುಡಿ ತರುವುದಿಲ್ಲ, ಕೊಂಬು ತಂದು ಮನೆಯಲ್ಲೇ ಕುಟ್ಟುತ್ತೇನೆ. ಇನ್ನು ಕಾಡಿಗೆ: ಹರಳೆಣ್ಣೆ ದೀಪದ ಮಸಿಗೆ ತುಪ್ಪ ಬೆರೆಸಿದ ಅಮ್ಮನ ಕಾಡಿಗೆಯ ಮೇಲೆ ನನಗೆ ಪ್ರೀತಿ ಇದೆ, ಆದರೂ ಮಸಿ ಮಸಿಯೇ. ಎಳೆಗೂಸಿನ ಕಣ್ಣಿಗೆ ಮಾತ್ರ ಯಾರೂ ತೀಡಬಾರದು. ದೃಷ್ಟಿಗೆ ಬೇಕೆಂದರೆ ಅಂಗಾಲಿಗೊಂದು ಬೊಟ್ಟು ಇಡಿ.

ಕೊಬ್ಬರಿ ಎಣ್ಣೆಯ ವಿಷಯದಲ್ಲಿ ತಿಪಟೂರಿನವಳಾಗಿ ನನಗೆ ಪಕ್ಷಪಾತ ಇರುವುದು ಸಹಜ. ಅದಕ್ಕೆ ಆಧಾರವೂ ಇದೆ. 2003ರಲ್ಲಿ ನಮ್ಮ ದೇಶದ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಮೂರನ್ನೂ ಕೂದಲ ಮೇಲೆ ಹೋಲಿಸಿ, ತೊಳೆಯುವಾಗ ಕೂದಲಿನ ಪ್ರೋಟೀನ್ ಸೋರಿ ಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆಯೊಂದೇ ಎಂದು ಪ್ರಕಟಿಸಿದರು. ಅದರ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಆ ಅಣು ಚಿಕ್ಕದು, ನೇರವಾದದ್ದು, ಕೂದಲಿನ ಒಳಗೆ ಇಳಿಯುತ್ತದೆ. ಆದರೆ ಮೊಡವೆ ಏಳುವ ಮುಖಕ್ಕೆ ಅದು ಒಳ್ಳೆಯದಲ್ಲ, ರಂಧ್ರ ಕಟ್ಟುತ್ತದೆ. ತಲೆಹೊಟ್ಟು ಇದ್ದವರು ರಾತ್ರಿಯೆಲ್ಲ ಎಣ್ಣೆ ನೆನೆಸಿಟ್ಟರೆ ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಊಟ ಹಾಕಿದಂತೆ. ಅದು ಬದುಕುವುದೇ ಇಂಥ ಕೊಬ್ಬಿನ ಮೇಲೆ. ಹಾಗಾಗಿ ಎಣ್ಣೆಸ್ನಾನದ ಕ್ರಮವೇ ಸರಿ. ಒತ್ತುವುದು, ಸ್ವಲ್ಪ ಹೊತ್ತು ಬಿಡುವುದು, ಸೀಗೆ ಹಾಕಿ ತೊಳೆಯುವುದು.

ಪರಿಮಳ ಒಗ್ಗದ ನನಗೆ ಬಿಡಲು ನೋವಾದದ್ದು ಮೈಸೂರು ಸ್ಯಾಂಡಲ್ ಸೋಪು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮಹಾಯುದ್ಧದಿಂದ ಯೂರೋಪಿಗೆ ಹೋಗಲಾಗದೆ ರಾಶಿ ಬಿದ್ದಿದ್ದ ಗಂಧದ ಮರದಿಂದ ಎಣ್ಣೆ ತೆಗೆಯಲು ಮೈಸೂರಿನಲ್ಲಿ ಕಾರ್ಖಾನೆ ಹುಟ್ಟಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಕಲಿತು ಬಂದು ಆ ಎಣ್ಣೆ ಹಾಕಿದ ಸಾಬೂನು ಮಾಡಿದರು. ನೂರು ವರ್ಷ ದಾಟಿದ ಮೇಲೂ ಅದು ಒಂದನೆಯ ದರ್ಜೆಯ ಸಾಬೂನು. ದರ್ಜೆಯನ್ನು ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಬರೆದಿರುವುದರಿಂದ ತಿಳಿಯಬಹುದು. ಕೊಬ್ಬಿನ ಅಂಶದ ಅಳತೆ ಅದು. ಒಂದನೆಯ ದರ್ಜೆಗೆ ಕನಿಷ್ಠ ಶೇಕಡಾ 76 ಇರಬೇಕು. "ಬೇದಿಂಗ್ ಬಾರ್" ಎಂದಿದ್ದರೆ 40 ಇದ್ದರೂ ನಡೆಯುತ್ತದೆ. ಹಾಲು, ಬಾದಾಮಿ, ಜೇನಿನ ಚಿತ್ರಗಳಿಗಿಂತ ಈ ಒಂದು ಅಂಕಿ ಸಾಬೂನಿನ ಬಗ್ಗೆ ಹೆಚ್ಚು ಹೇಳುತ್ತದೆ. ನಾನು ಈಗ ಮೈಗೆ ಬಳಸುವುದು ಪರಿಮಳವಿಲ್ಲದ ಒಂದು ಸೋಪು. ಗಂಧದ ಸೋಪನ್ನು ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೇನೆ, ಅಮ್ಮ ಇಡುತ್ತಿದ್ದ ಹಾಗೆ.

ಅಜ್ಜಿಯ ಬಳಿ ಇಲ್ಲದ, ನಾನು ಸೇರಿಸಿಕೊಂಡ ಇನ್ನೊಂದು ವಸ್ತು ಸನ್‌ಸ್ಕ್ರೀನ್. ಕೆನ್ನೆಯ ಮೇಲೆ ಬಂಗು ಬಂದವರಿಗೆ ಅದು ಬೇಕೇಬೇಕು. ಬಿಸಿಲು ತಾಗಿದಷ್ಟೂ ಬಂಗು ಗಾಢವಾಗುತ್ತದೆ. ಸತುವಿನ ಆಕ್ಸೈಡ್ ಇರುವ, ತುಸು ಕಂದು ಬಣ್ಣ ಬೆರೆತದ್ದು ನನಗೆ ಒಗ್ಗಿದೆ. ಆ ಕಂದು ಕಬ್ಬಿಣದ ಆಕ್ಸೈಡಿನದು, ಬಂಗು ಹೆಚ್ಚಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ. ಕೊಬ್ಬರಿ ಎಣ್ಣೆಯೋ ಕ್ಯಾರೆಟ್ ಬೀಜದ ತೈಲವೋ ಬಿಸಿಲು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಷ್ಟೆಲ್ಲ ಹೇಳಿದ್ದರಲ್ಲಿ ಅಲರ್ಜಿ, ಕಲೆ, ದುಡ್ಡು ದಂಡ ಇಂಥವೇ ಹೆಚ್ಚು. ನನಗೆ ನಿಜವಾಗಿ ಭಯ ಹುಟ್ಟಿಸುವುದು ಬಿಳಿ ಬಣ್ಣದ ಆಸೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡಿತು, ಆಸೆಯೇನೂ ಬದಲಾಗಲಿಲ್ಲ. ಅದು ಈಗ "ಹರ್ಬಲ್" ಎಂಬ ಚೀಟಿ ಅಂಟಿಸಿಕೊಂಡು ಬ್ಯೂಟಿ ಪಾರ್ಲರುಗಳಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳಿಗೆ ಹೀಗೆಯೇ ಒಂದು ಡಬ್ಬಿ ಸಿಕ್ಕಿತ್ತು. ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ, ಲೈಸೆನ್ಸ್ ನಂಬರಿಲ್ಲ, ಒಳಗೆ ಏನಿದೆ ಎಂಬ ಪಟ್ಟಿಯಿಲ್ಲ. "ಗಂಡಿನ ಕಡೆಯೋರು ಬರೋ ಹೊತ್ತಿಗೆ ಒಂಚೂರು ತಿಳಿಯಾಗ್ಲಿ ಅಂತ ಕಣೆ" ಎಂದರು ಅವಳ ತಾಯಿ. ಎರಡೇ ವಾರದಲ್ಲಿ ಹುಡುಗಿ ಬೆಳ್ಳಗಾದಳು. ಆಮೇಲೆ ಬಿಸಿಲಿಗೆ ಹೋದರೆ ಮುಖ ಕೆಂಡದಂತಾಗತೊಡಗಿತು, ಕೆನ್ನೆಯ ಮೇಲೆ ಕೆಂಪು ನರಗಳು ಕಾಣಿಸಿದವು, ಮೊಡವೆ ಎದ್ದವು, ತುಟಿಯ ಮೇಲೆ ಕೂದಲು ಬಂತು. ಬಿಟ್ಟರೆ ಉರಿ, ಹಚ್ಚಿದರೆ ಶಮನ. ಸ್ಟೀರಾಯ್ಡ್ ಇರುವ ಮುಲಾಮನ್ನು ಮುಖಕ್ಕೆ ಬಳಸಿದವರಲ್ಲಿ ಆಗುವುದು ಇದೇ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಹೆಸರಿಲ್ಲದ ಡಬ್ಬಿಗೆ ಯಾವ ನಿಯಮ?

ಪಾದರಸ ಇನ್ನೂ ಘೋರ. ಚರ್ಮದಲ್ಲಿ ಬಣ್ಣ ತಯಾರಾಗಲು ಬೇಕಾದ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ, ಹಾಗಾಗಿ ಮುಖ ಬೆಳ್ಳಗಾಗುತ್ತದೆ. ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡದಲ್ಲಿ ಕೂರುತ್ತದೆ. ನಮ್ಮ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರ ನಡುವೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ಕಂಡರು. ಅವರಲ್ಲಿ 15 ಜನರ ಪರೀಕ್ಷೆಯಲ್ಲಿ ಕಾಯಿಲೆಯ ಅಪರೂಪದ ಒಂದೇ ಗುರುತು ಕಂಡಿತು. ಆ 15ರಲ್ಲಿ 13 ಜನ ಬಿಳಿಯಾಗುವ ಕ್ರೀಮು ಹಚ್ಚುತ್ತಿದ್ದವರು. ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ, ಕಣ್ಣಿಗೆ ಬಳಸುವ ಸಾಮಗ್ರಿ ಬಿಟ್ಟರೆ ಉಳಿದವುಗಳಲ್ಲಿ ತಾನಾಗಿ ಬೆರೆತ ಪಾದರಸವೂ 10 ಲಕ್ಷದಲ್ಲಿ 1 ಭಾಗ ಮೀರುವಂತಿಲ್ಲ. 2024ರ ಅಕ್ಟೋಬರಿನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಮಾರ್ಗಸೂಚಿ, "ನ್ಯಾಚುರಲ್", "ಕ್ಲೀನ್" ಎಂಬ ಪದಗಳನ್ನು ತಕ್ಕ ವಿವರಣೆ ಇಲ್ಲದೆ ಬಳಸಬಾರದೆಂದು ಹೇಳುತ್ತದೆ. ಕಾನೂನು ಇದೆ. ಡಬ್ಬಿ ಕೈಗೆ ಬಂದಾಗ ನೋಡಬೇಕಾದವರು ನಾವೇ.

ಆ ಹುಡುಗಿಯ ಮೂತ್ರ, ರಕ್ತ ಪರೀಕ್ಷೆ ಮಾಡಿಸಿದೆವು, ಮೂತ್ರಪಿಂಡಕ್ಕೆ ತೊಂದರೆ ಆಗಿರಲಿಲ್ಲ. ಚರ್ಮದ ಡಾಕ್ಟರು ಹಂತಹಂತವಾಗಿ ಬಿಡಿಸಿದರು. ಮುಖದ ಉರಿ ಇಳಿಯಲು ತಿಂಗಳುಗಳೇ ಹಿಡಿದವು. ನಮ್ಮ ಮನೆಗಳಲ್ಲಿ ಮಗು ಹುಟ್ಟಿದ ದಿನದಿಂದ "ಬಣ್ಣ ಹೇಗಿದೆ" ಎಂದು ಕೇಳುವ ಬಾಯಿಗಳು ಮುಚ್ಚುವ ತನಕ ಇಂಥ ಡಬ್ಬಿಗಳಿಗೆ ಗಿರಾಕಿ ಇರುತ್ತಾರೆ. ಕಡಲೆಹಿಟ್ಟು, ಅರಿಶಿನವನ್ನೂ "ಬೆಳ್ಳಗಾಗ್ತೀಯ" ಎಂದು ಹೇಳಿ ಹಚ್ಚುವ ಅಮ್ಮಂದಿರನ್ನು ನಾನು ಈಗ ತಡೆಯುತ್ತೇನೆ. ಕೊಳೆ ಹೋಗುತ್ತದೆ, ಮೈ ನುಣುಪಾಗುತ್ತದೆ ಎಂದು ಹೇಳಿ ಹಚ್ಚಿ.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥದ್ದನ್ನು ಹಚ್ಚುತ್ತಿದ್ದರೆ ಇವನ್ನು ನೋಡಿ. ವಿಳಾಸ, ಲೈಸೆನ್ಸ್ ನಂಬರು, ಸಾಮಗ್ರಿಗಳ ಪಟ್ಟಿ ಇಲ್ಲದ ಡಬ್ಬಿ. ಪಾದರಸ ಇದೆ ಎಂದು ತಿಳಿಸುವ ಕ್ಯಾಲೊಮೆಲ್, ಮರ್ಕ್ಯುರಿ ಎಂಬ ಹೆಸರುಗಳು. ಚಿನ್ನ ಬೆಳ್ಳಿಯ ಒಡವೆಗೆ ತಾಗಿಸಬೇಡಿ ಎಂಬ ಸೂಚನೆ; ಪಾದರಸ ಚಿನ್ನವನ್ನು ಹಿಡಿಯುತ್ತದೆ, ಆ ಸೂಚನೆ ಇರುವುದು ಅದಕ್ಕೇ. ಕಾಲು ಊದಿದರೆ, ಬೆಳಗ್ಗೆ ಮುಖ ಉಬ್ಬಿದರೆ, ಮೂತ್ರದಲ್ಲಿ ನೊರೆ ನಿಂತರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಡಬ್ಬಿಯನ್ನು ಬಿಸಾಡದೆ ಜೊತೆಗೆ ತೆಗೆದುಕೊಂಡು ಹೋಗಿ. ಅದರಲ್ಲಿ ಏನಿತ್ತೆಂದು ಪರೀಕ್ಷೆ ಮಾಡಿಸಲು ಅವರಿಗೆ ಬೇರೆ ದಾರಿ ಇರುವುದಿಲ್ಲ.